ಒತ್ತದೆ ಉಳಿದ ನೀಲಿ ಗುಂಡಿ

ಶ್ರೀನಿಧಿ, ಆ ನೀಲಿ ಗುಂಡಿಯನ್ನು ನಾನು ಒತ್ತಲಿಲ್ಲ. ಒತ್ತಿದೆ ಎಂದು ನಿನಗೆ ಹೇಳಿದ್ದು ಸುಳ್ಳು.

ಇವತ್ತು ದ್ವಾದಶಿ. ಬೆಳಿಗ್ಗೆ ಏಕಾದಶಿಯ ಉಪವಾಸ ಬಿಡುವ ಪಾರಣೆಯ ಅಡುಗೆಗೆಂದು ಮಡಿಯುಟ್ಟು ಹೆಸರುಬೇಳೆ ತೊಳೆಯುತ್ತಿದ್ದಾಗ ನಿನ್ನ ಸುದ್ದಿ ಬಂತು — ಎಂಥ ಸುದ್ದಿ! ಅದನ್ನು ಬರೆಯುವ ಮೊದಲು ಇದನ್ನು ಬರೆದು ಮುಗಿಸಬೇಕು. ಇಲ್ಲದಿದ್ದರೆ ಆ ಸಂತೋಷದಲ್ಲಿ ಪಾಲು ಕೇಳುವ ಹಕ್ಕು ನನಗಿಲ್ಲ. ನಿನ್ನ ಹಳೆಯ ಗಣಿತದ ನೋಟ್‌ಬುಕ್ ಸಿಕ್ಕಿತು. ಮುಂದಿನ ಹಾಳೆಗಳಲ್ಲೆಲ್ಲ ನಿನ್ನ ತ್ರಿಕೋನಗಳು. ಹಿಂದಿನ ಖಾಲಿ ಹಾಳೆಗಳಲ್ಲಿ ನನ್ನ ತಪ್ಪು ಬರೆಯುತ್ತಿದ್ದೇನೆ.

ಲಾಕ್‌ಡೌನಿನ ಆ ವರ್ಷ ನೀನು ಎಸ್ಸೆಸ್ಸೆಲ್ಸಿ ಮುಗಿಸಿದ್ದೆ. ಶಾಲೆ ಅಂದರೆ ನಿಮ್ಮಪ್ಪನ ಫೋನು, ಫೋನು ಅಂದರೆ ಪಡಸಾಲೆಯ ಕಿಟಕಿ — ನಮ್ಮ ಸೇಡಂ ಮನೆಯಲ್ಲಿ ಸಿಗ್ನಲ್ ಹಿಡಿಯುತ್ತಿದ್ದದ್ದು ಅಲ್ಲೊಂದೇ ಕಡೆ. ಅದೇ ಕಿಟಕಿಯ ಕೆಳಗೆ, ಶಹಾಬಾದ್ ಕಲ್ಲಿನ ತಣ್ಣನೆ ನೆಲದ ಮೇಲೆ ಕೂತು ನೀನು ಓದಿದೆ. ಕಲಬುರಗಿಯ ಒಂದು ಸಂಸ್ಥೆಯವರು ಜಾಣ ಮಕ್ಕಳಿಗೆ ಎರಡು ವರ್ಷ ಊಟ, ವಸತಿ, ಪಾಠ ಎಲ್ಲ ಪುಕ್ಕಟೆ ಕೊಡುತ್ತೇವೆಂದು ಆನ್‌ಲೈನ್ ಪರೀಕ್ಷೆ ಇಟ್ಟಿದ್ದರು. ಅದಕ್ಕಾಗಿ ನೀನು ಎಷ್ಟು ದುಡಿದೆ ಎಂದು ನಾನು ಕಂಡಿದ್ದೇನೆ. ಕಂಡೂ —

ಪರೀಕ್ಷೆ ನಿಮ್ಮಜ್ಜನ ಶ್ರಾದ್ಧದ ದಿನವೇ ಬಂತು. ಆ ವರ್ಷ ಊಟಕ್ಕೆ ಕರೆದದ್ದು ಇಬ್ಬರೇ ಬ್ರಾಹ್ಮಣರನ್ನು. ನಿಮ್ಮಪ್ಪ ಸಂಕಲ್ಪ ಮಾಡಿ ಒಳಗೆ ಕೂತಿದ್ದರು. ಅಡುಗೆಮನೆಯಲ್ಲಿ ನಾನು ಮಡಿ, ನಿಮ್ಮಜ್ಜಿ ಮಡಿ. ನೀನು ಉತ್ತರಗಳನ್ನೆಲ್ಲ ಹಾಳೆಯ ಮೇಲೆ ಬರೆದು, ಫೋಟೊ ತೆಗೆದು, ಫೋನಿನಲ್ಲಿ ಏರಿಸಲು ಹಚ್ಚಿದ್ದೆ. ಅಷ್ಟರಲ್ಲಿ ನೀನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತೆ. ಮುಖ ನೋಡಿದೊಡನೆ ನನಗೆ ತಿಳಿಯಿತು. ನೀನು ಮುಟ್ಟಾಗಿದ್ದೆ.

"ಶ್ರಾದ್ಧದ ದಿವಸನ ಆಗಬೇಕೇನು ಇದು? ನಡಿ, ನಡಿ, ಬಾಜೂಕ ಶಾಂತಾಬಾಯಿ ಮನೀಗೆ ಹೋಗಿ ಕುಂದ್ರು," ಎಂದರು ನಿಮ್ಮಜ್ಜಿ.

ಫೋನನ್ನು ಕಿಟಕಿಯಿಂದ ತೆಗೆದರೆ ಏರಿದ್ದೆಲ್ಲ ಹೋಗಿ ಮೊದಲಿನಿಂದ ಶುರುವಾಗುತ್ತಿತ್ತು. ನೀನು ಅಲ್ಲೇ ನಿಂತು, ದೂರದಿಂದಲೇ ಬೆರಳು ಮಾಡಿ ಹೇಳಿದೆ:

"ಅಮ್ಮಾ, ಚಕ್ರ ತಿರಗಾಕತ್ತದ ನೋಡು. ನೂರು ಅಂತ ಬಂದ ಕೂಡ್ಲೆ ಕೆಳಗ ನೀಲಿ ಬಟನ್ ಕಾಣ್ತದ. ಅದನ್ನ ಒಮ್ಮೆ ಒತ್ತು. ಹತ್ತು ನಿಮಿಷ ಅದ ಇನ್ನ. ಒತ್ತತೀ ಹೌದಿಲ್ಲೋ?"

"ಒತ್ತತೀನಿ, ನೀ ನಡಿ," ಎಂದೆ.

ಚಕ್ರ ತಿರುಗಿತು. ನೂರು ಬಂತು. ಗುಂಡಿ ನೀಲಿಯಾಗಿ ಕಂಡಿತು — ನಮ್ಮ ದೇವರಮನೆಯ ಶ್ರೀಹರಿಯ ಪಟದಲ್ಲಿ ಇರುವಂಥದ್ದೇ ನೀಲಿ. ನಾನು ಕೈ ಮುಂದೆ ಮಾಡಿ ಹಿಂದೆ ತೆಗೆದೆ. ಮಡಿ. ಫೋನು ಮುಟ್ಟಿದರೆ ಮತ್ತೆ ಸ್ನಾನ, ಮತ್ತೆ ಒದ್ದೆ ಸೀರೆ, ಒಲೆಯ ಮೇಲೆ ಪಾಯಸ, ಹೊರಗೆ ಬ್ರಾಹ್ಮಣರು. ಪಾಯಸ ತಿರುವುವ ಕಟ್ಟಿಗೆಯ ಹುಟ್ಟು ತಂದು ಅದರ ಹಿಡಿಯಿಂದ ಒತ್ತಿ ನೋಡಿದೆ. ನಗಬೇಡ. ಕಟ್ಟಿಗೆಯಿಂದ ಮುಟ್ಟಿದರೆ ಮೈಲಿಗೆಯಿಲ್ಲ ಎಂದು ನನ್ನ ಲೆಕ್ಕ. ಒಮ್ಮೆ ಒತ್ತಿದೆ, ಎರಡು ಸಲ ಒತ್ತಿದೆ. ಏನೂ ಆಗಲಿಲ್ಲ. ಆ ಯಂತ್ರಕ್ಕೆ ಮಡಿ ಗೊತ್ತಿಲ್ಲ, ಅದಕ್ಕೆ ಬೆರಳೇ ಬೇಕು.

ಇಷ್ಟೇ ಆಗಿದ್ದರೆ ಇದು ತಿಳಿಯದೆ ಆದ ತಪ್ಪು ಎನ್ನಬಹುದಿತ್ತು. ಇಷ್ಟೇ ಅಲ್ಲ.

ಕಟ್ಟಿಗೆಯಿಂದ ಒತ್ತಿ ಏನೂ ಆಗದಿದ್ದಾಗ ನನ್ನ ಎದೆಯಲ್ಲಿ ಒಂದು ನೆಮ್ಮದಿ ಹುಟ್ಟಿತು. ಹೌದು, ನೆಮ್ಮದಿ. ಇವಳು ಕಲಬುರಗಿಗೆ ಹೋಗುವುದಿಲ್ಲ, ಎರಡು ವರ್ಷ ಮನೆ ಬಿಕೋ ಎನ್ನುವುದಿಲ್ಲ, ನಾನು ಹೂಬತ್ತಿ ಹೊಸೆಯುವಾಗ ಎದುರು ಕೂತು ವಟವಟ ಮಾತಾಡುವವಳು ಇಲ್ಲೇ ಇರುತ್ತಾಳೆ — ಹೀಗೆ. ದೇವರ ಇಚ್ಛೆ ಎಂದುಕೊಂಡು ಒಲೆಯ ಕಡೆ ತಿರುಗಿದೆ. ದೇವರ ಹೆಸರನ್ನು ನಾನು ಅಷ್ಟು ಕೆಟ್ಟದಾಗಿ ಬಳಸಿದ್ದು ಅದೊಂದೇ ಸಲ. ಪಾಯಸಕ್ಕೆ ಕೈಯಾಡಿಸುತ್ತ ಹತ್ತು ನಿಮಿಷ ಕಳೆದೆ. ಸಾಯಂಕಾಲ ನೀನು ಶಾಂತಾಬಾಯಿಯ ಬಾಗಿಲಿನಿಂದ ಕೂಗಿ ಕೇಳಿದೆ:

"ಅಮ್ಮಾ, ಒತ್ತಿದ ಮ್ಯಾಲ ಹಸರ ಬಣ್ಣ ಬಂತಿಲ್ಲ?"

"ಬಂತವ್ವ, ಹಸರ ಬಂತು."

ಯಾರೂ ಬಣ್ಣ ಕೇಳಿರದಿದ್ದರೆ ಒಂದೇ ಸುಳ್ಳಿನಲ್ಲಿ ಮುಗಿಯುತ್ತಿತ್ತೋ ಏನೋ. ಬಣ್ಣವನ್ನೂ ಹೇಳಿಬಿಟ್ಟೆ.

ಪಟ್ಟಿಯಲ್ಲಿ ನಿನ್ನ ಹೆಸರು ಬರಲಿಲ್ಲ. ನೀನು ಸಂಸ್ಥೆಯವರಿಗೆ ಬರೆದೆ — ನಾನು ಕಳಿಸಿದ್ದೇನೆ, ಹಸಿರು ಬಣ್ಣ ಬಂದಿದೆ, ನನ್ನ ತಾಯಿ ನೋಡಿದ್ದಾಳೆ. ಉತ್ತರಪತ್ರಿಕೆ ನಮಗೆ ತಲುಪಿಲ್ಲ, ಸುಳ್ಳು ಹೇಳಿ ಸೀಟು ಕೇಳಬಾರದು ಎಂದು ಅವರು ತಿರುಗಿ ಬರೆದರು. ಅವರ ತಪ್ಪೇನೂ ಇರಲಿಲ್ಲ. ಆ ಸಾಲನ್ನು ನೀನು ಓದುವಾಗ ನಾನು ಎದುರಿಗೇ ಇದ್ದೆ, ರೊಟ್ಟಿ ಬಡಿಯುತ್ತಿದ್ದೆ. ಕೈ ನಿಲ್ಲಿಸಲಿಲ್ಲ. ಜೀವನದಲ್ಲಿ ಒಮ್ಮೆಯೂ ಸುಳ್ಳಾಡದ ಹುಡುಗಿಯನ್ನು ಸುಳ್ಳಿ ಎನ್ನಿಸಿದವಳು ನಾನು. ಸೀಟು ಹೋದದ್ದಕ್ಕಿಂತ ಆ ಮಾತಿಗೆ ನೀನು ಹೆಚ್ಚು ಅತ್ತೆ. ಆಮೇಲೆ ಎಷ್ಟೋ ದಿನ, ಫೋಟೊ ನಾನೇ ಸರಿಯಾಗಿ ತೆಗೆದಿಲ್ಲವೇನೋ ಎಂದು ನಿನ್ನನ್ನೇ ನೀನು ಬೈದುಕೊಂಡೆ. ಆಗಲೂ ನಾನು ಬಾಯಿ ಬಿಡಲಿಲ್ಲ.

ನಾನು ದಿನಾ ದೀಪ ಹಚ್ಚುವಾಗ ದೇವರು ಮಾಡಿದ ಸಣ್ಣ ಸಣ್ಣ ಉಪಕಾರಗಳನ್ನು ನೆನೆಯುವವಳು, ನಿನಗೆ ಗೊತ್ತು. ಆ ದಿನಗಳಲ್ಲಿ ನೆನೆಯಲು ನಾಚಿಕೆಯಾಗುತ್ತಿತ್ತು. ಆದರೂ ಅವನು ಕೊಡುವುದು ನಿಲ್ಲಿಸಲಿಲ್ಲ. ಶಾಂತಾಬಾಯಿಯ ಮನೆಗೆ ವೈಫೈ ಬಂತು, ಅವರು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ನಿನಗೆ ಕೊಟ್ಟರು. ಫೋನು ಕೈತಪ್ಪಿ ಬಿದ್ದಾಗ ಗಾಜು ಒಡೆದರೂ ಅಕ್ಷರ ಕಾಣುತ್ತಿತ್ತು. ಸೇಡಮಿನಲ್ಲೇ ಪಿಯುಸಿ, ಸೇಡಮಿನಲ್ಲೇ ಡಿಗ್ರಿ. ಕಾಲೇಜಿನಲ್ಲಿ ಕೈಯೆತ್ತಿ ಕೇಳಲು ನಾಚುತ್ತಿದ್ದ ನೀನು ಫೋನಿನೊಳಗಿನ ಮೇಷ್ಟ್ರನ್ನು ಹಿಂದಕ್ಕೆಳೆದು ಹಿಂದಕ್ಕೆಳೆದು ಒಂದೇ ಲೆಕ್ಕವನ್ನು ಹತ್ತು ಸಲ ಹೇಳಿಸಿದೆ. ಅವರೂ ಒಮ್ಮೆಯೂ ಸಿಟ್ಟಾಗಲಿಲ್ಲ! ನಮ್ಮ ಕಾಲದಲ್ಲಿ ಎರಡನೆಯ ಸಲ ಕೇಳಿದರೆ ಬೆತ್ತ ಬೀಳುತ್ತಿತ್ತು. ನೀನು ಕೇಳಿದ ಪಾಠಗಳು ನನ್ನ ಕಿವಿಗೂ ಬಿದ್ದು, ಸಾರು ಕುದಿಯುವಾಗ ಸೈನು, ಕೋಸೈನು ಎಂದು ನಾನೇ ಗುನುಗುವಂತಾಯಿತು. ಕುಂಚಾವರಂ ಕಡೆಯ ನಿನ್ನ ಗೆಳತಿ ಊರಿನ ಗುಡ್ಡ ಹತ್ತಿ ಸಿಗ್ನಲ್ ಹಿಡಿದು ಫೋನ್ ಮಾಡುತ್ತಿದ್ದಳು. ನೀನು ಕೇಳಿದ್ದನ್ನು ಅವಳಿಗೆ ಹೇಳಿಕೊಡುತ್ತಿದ್ದೆ. ಯಾವ ಫೋನಿನ ಮುಂದೆ ನಾನು ಕೈ ಹಿಂದೆ ತೆಗೆದೆನೋ ಅದೇ ಫೋನಿನಿಂದ ನೀನು ಎದ್ದು ನಿಂತೆ. ನನ್ನಿಂದಲ್ಲ. ನಾನು ಅಡ್ಡ ನಿಂತರೂ.

ಇನ್ನು ಇವತ್ತಿನ ಮಾತು. ನೀನು ಕಲಬುರಗಿಯ ನಿನ್ನ ಸೋದರತ್ತೆಯ ಮನೆಯಲ್ಲಿದ್ದೆ. ನಿಮ್ಮಪ್ಪ ಗುಡಿಗೆ ಹೋಗಿದ್ದರು. ಕಿಟಕಿಯಲ್ಲಿದ್ದ ಫೋನು ಒಂದು ಸಲ ಬಡಿದುಕೊಂಡು ಸುಮ್ಮನಾಯಿತು, ಮತ್ತೆ ಬಡಿದುಕೊಂಡಿತು. ಬಗ್ಗಿ ನೋಡಿದರೆ ನಿನ್ನ ಹೆಸರು. ಬೇಳೆಯ ನೀರಿದ್ದ ಕೈಯನ್ನು ಮಡಿ ಸೀರೆಗೆ ಒರೆಸಿಕೊಂಡು ಎತ್ತಿಬಿಟ್ಟೆ.

"ಅಮ್ಮಾ, ಸೀಟ್ ಸಿಕ್ಕದ! ಹೈದರಾಬಾದಿಂದು, ಎಂ.ಎಸ್ಸಿ. ಗಣಿತ! ಒಪ್ಪಿಗಿ ಕೊಡಬೇಕು, ಅಪ್ಪನ ಫೋನಿಗೆ ಆರು ಅಂಕಿ ಬರ್ತದ, ಓದಿ ಹೇಳು. ಹತ್ತು ನಿಮಿಷ ಇರ್ತದ ಅಷ್ಟ. ಅಪ್ಪ ಇಲ್ಲೇನು? ನೀ ಮಡಿಯಾಗ ಇದ್ದೀ ಏನು? ಅಯ್ಯ, ಇವತ್ತು ದ್ವಾದಶಿ —"

ಹತ್ತು ನಿಮಿಷ. ಅದೇ ಹತ್ತು ನಿಮಿಷ.

"ಮಡಿ ಹಾಳಾಗಿ ಹೋಗ್ಲಿ, ನೀ ಬರಕೋ," ಎಂದೆ. ಕನ್ನಡಕ ದೇವರಮನೆಯಲ್ಲಿತ್ತು. ಫೋನನ್ನು ಮೂಗಿನ ಹತ್ತಿರ ತಂದು ಒಂದೊಂದೇ ಅಂಕಿ ಓದಿದೆ. ಆರನ್ನು ಎಂಟೆಂದು ಹೇಳಿ ನಿನ್ನ ಕೈಲಿ ಬೈಸಿಕೊಂಡೆ, ಮತ್ತೆ ಓದಿದೆ. "ಆತಮ್ಮಾ! ಹಸರ ಬಂತು!" ಎಂದು ನೀನು ಕಿರುಚಿದಾಗ ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಸುಳ್ಳು ಹಸಿರು ಹೇಳಿದವಳ ಕಿವಿಗೆ ದೇವರು ನಿಜವಾದ ಹಸಿರನ್ನು ನಿನ್ನ ಬಾಯಿಂದಲೇ ಕೇಳಿಸಿದ. ಗೆದ್ದೆಯಲ್ಲ ಮಗಳೇ! ಆ ಅಂಕಿ ತಪ್ಪಿಹೋದರೆ ಮತ್ತೊಂದು ಕಳಿಸುತ್ತಾರಂತೆ, ಆಮೇಲೆ ನೀನೇ ಹೇಳಿದೆ. ನನಗದು ಗೊತ್ತಿರಲಿಲ್ಲ. ಗೊತ್ತಿಲ್ಲದ್ದೇ ಒಳ್ಳೆಯದಾಯಿತು.

ತಲೆಯೆತ್ತಿದರೆ ನಿಮ್ಮಜ್ಜಿ ಬಾಗಿಲಲ್ಲಿ.

"ಮಡಿ ಹೋತಲ್ಲ ನಿಂದು?"

"ಹೋತ್ರಿ, ಅತ್ತ್ಯಾ."

"ಹುಡುಗಿಗೆ ಸೀಟು ಬಂತೇನು?"

"ಬಂತ್ರಿ. ಹೈದರಾಬಾದಿಂದು."

"ಹಂಗಾರ ಕುಂತೀ ಯಾಕ? ಬಚ್ಚಲದಾಗ ಬಿಸಿನೀರ ಅದ, ನಾಕ ಚೊಂಬು ಹಾಕ್ಕೊಂಡ ಬಾ. ಪಾರಣಿ ಅರ್ಧ ತಾಸು ತಡ ಆದ್ರ ಶ್ರೀಹರಿ ಏನ್ ಸಿಟ್ಟಾಗಂಗಿಲ್ಲ. ಹಸದಾಕಿ ನಾನು. ಜಲ್ದಿ ಬಾ."

ನಕ್ಕೆ. ನಗುತ್ತಲೇ ಬಚ್ಚಲಿಗೆ ಹೋಗಿ ಅತ್ತೆ. ಆ ಶ್ರಾದ್ಧದ ದಿನವೂ ಕೇಳಿದ್ದರೆ ಅವರು ಹೀಗೇ ಅನ್ನುತ್ತಿದ್ದರೋ ಏನೋ. ನಾನು ಕೇಳಲೇ ಇಲ್ಲ. ಇಷ್ಟು ವರ್ಷ ಮನಸ್ಸಿನೊಳಗೆ ತಪ್ಪನ್ನು ಮಡಿಯ ಮೇಲೆ ಹಾಕಿದ್ದೆ, ನಿಮ್ಮಜ್ಜಿಯ ಮೇಲೆ ಹಾಕಿದ್ದೆ. ಮೈ ಮೇಲೆ ನೀರು ಬಿದ್ದಂತೆ ಅವೆಲ್ಲ ಹರಿದುಹೋದವು. ಉಳಿದದ್ದು ನಾನೊಬ್ಬಳೇ.

ಕಲಬುರಗಿಗೆ ಕಳಿಸಲಾರೆ ಎಂದು ಅಂಜಿದವಳಿಗೆ ಈಗ ಹೈದರಾಬಾದು. ಬಸ್ಸಿಗೆ ನಾನೇ ಬಂದು ಹತ್ತಿಸುತ್ತೇನೆ.

ನಾಳೆ ನೀನು ಬರುತ್ತೀ. ಹೋಳಿಗೆ ಮಾಡುತ್ತೇನೆ. ಆದರೆ ಈ ನೋಟ್‌ಬುಕ್ಕನ್ನು ಎಲೆ ಹಾಕುವ ಮೊದಲೇ ನಿನ್ನ ಕೈಗೆ ಕೊಡುತ್ತೇನೆ. ಸಿಹಿ ಉಣ್ಣಿಸಿ ಕ್ಷಮೆ ಕೇಳುವ ಜಾಣತನ ಬೇಡ. ನೀನು ಉಣ್ಣದೆ ಎದ್ದುಹೋದರೂ ಸರಿ. ಆ ಸಂಸ್ಥೆಯವರಿಗೂ ಒಂದು ಪತ್ರ ಬರೆದಿಟ್ಟಿದ್ದೇನೆ — ನನ್ನ ಮಗಳು ಸುಳ್ಳು ಹೇಳಿರಲಿಲ್ಲ, ಹೇಳಿದವಳು ನಾನು ಎಂದು. ಅದನ್ನು ಫೋನಿನಲ್ಲಿ ಕಳಿಸುವುದು ಹೇಗೆಂದು ನೀನೇ ತೋರಿಸಬೇಕು. ಕೊನೆಯ ಗುಂಡಿಯನ್ನು ಮಾತ್ರ ನಾನು ಒತ್ತುತ್ತೇನೆ.

ಮೊರದಲ್ಲಿ ನಾಳೆಯ ಹೋಳಿಗೆಯ ಕಡಲೆಬೇಳೆ ಹಾಗೇ ಇದೆ. ಬೆಳಕಿರುವಾಗಲೇ ಕಲ್ಲು ಆರಿಸಬೇಕು, ಏಳುತ್ತೇನೆ.