ಅಕ್ಕನ ಪಾದದ ಕೆಳಗಿನ ಬಟನ್

ಕೈಕಾಲುಗಳ ಶಕ್ತಿಯನ್ನು ಒಂದೊಂದಾಗಿ ಕಿತ್ತುಕೊಳ್ಳುವ ನರರೋಗ ಅಕ್ಕನಿಗೆ ಬಂದಿದೆಯೆಂದು ಗೊತ್ತಾದದ್ದು ಕೋವಿಡ್‌ನ ಎರಡನೇ ವರ್ಷ. ಅವಳು ಅರಿವಳಿಕೆ ಡಾಕ್ಟರು. ಆಪರೇಷನ್ ಟೇಬಲ್ ಪಕ್ಕದಲ್ಲಿ ನಿಂತು ಬೇರೆಯವರ ಉಸಿರು ಕಾಯುವುದೇ ಅವಳ ಕೆಲಸವಾಗಿತ್ತು. ಬಲಗೈಯಲ್ಲಿ ಸಿರಿಂಜು ನಿಲ್ಲದಂತಾದಾಗ ಯಾರಿಗೂ ಕಾರಣ ಹೇಳದೆ ಕೆಲಸ ಬಿಟ್ಟಳು. ವಿಚ್ಛೇದನವಾಗಿ ಬಹಳ ಕಾಲವಾಗಿತ್ತು, ಒಬ್ಬಳೇ ಮಗಳು ಬಾಸ್ಟನ್‌ನಲ್ಲಿದ್ದಳು. ವೆಸ್ಟ್ ಕೊವಿನಾ ಎಂಬ ಊರಿನ ಹಳೆಯ ಮನೆಯಲ್ಲಿ ಅಕ್ಕ ಒಬ್ಬಳೇ. ನಾನು ಸ್ಯಾನ್ ಡಿಯೇಗೊದಲ್ಲಿದ್ದೆ. ಅಲ್ಲಿಯ ಸೊರೆಂಟೊ ವ್ಯಾಲಿಯ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸ. ಶನಿವಾರ ಬೆಳಿಗ್ಗೆ ಬೇಗ ಹೊರಟರೆ ಎರಡು ಗಂಟೆಯೊಳಗೆ ಅವಳ ಮನೆ ಸೇರುತ್ತಿದ್ದೆ.

ಒಂದು ಶನಿವಾರ ಅವಳು ಅಡುಗೆಮನೆಯ ಸ್ವಿಚ್ಚನ್ನು ಮೊಣಕೈಯಿಂದ ಒತ್ತುವುದನ್ನು ನೋಡಿದೆ. ಸ್ವಿಚ್ಚಿನ ಸುತ್ತ ಗೋಡೆ ಕಪ್ಪಾಗಿತ್ತು. ಎಷ್ಟು ದಿನದಿಂದ ಹೀಗೆ ಒತ್ತುತ್ತಿದ್ದಾಳೋ ಕೇಳಲಿಲ್ಲ. ಎಲ್ಲ ಲೈಟುಗಳಿಗೂ ಸ್ಮಾರ್ಟ್ ಸ್ವಿಚ್ ಹಾಕಿಬಿಡುತ್ತೇನೆ, ಮಾತು ಕೇಳುವ ಸ್ಪೀಕರ್ ಒಂದಕ್ಕೆ ಬಾಯಲ್ಲಿ ಹೇಳಿದರೆ ಸಾಕು ಎಂದೆ.

"ಸ್ಪೀಕರ್‌ಗೆ ಹೇಳಿ ಲೈಟ್ ಹಾಕಿಸ್ಕೊಳ್ಳೋ ಅಷ್ಟು ಸೋಮಾರಿ ಆಗಿಲ್ಲ ನಾನು" ಎಂದಳು. ಆದರೆ ಮುಂದಿನ ವಾರ ನಾನು ಸ್ವಿಚ್ಚುಗಳ ಡಬ್ಬಿ ತಂದಾಗ ಬೇಡವೆನ್ನಲಿಲ್ಲ.

ಜೀವಮಾನವಿಡೀ ಕೋಡ್ ಬರೆದವನು ನಾನು, ಮನೆಯ ವೈರು ಮುಟ್ಟಿದವನಲ್ಲ. ಎರಡು ವಿಡಿಯೊ ನೋಡಿ ಧೈರ್ಯ ತಂದುಕೊಂಡಿದ್ದೆ. ಮೊದಲ ಸ್ವಿಚ್ ಬಿಚ್ಚಿದರೆ ಗೋಡೆಯೊಳಗೆ ನ್ಯೂಟ್ರಲ್ ತಂತಿಯೇ ಇರಲಿಲ್ಲ. ನಾನು ತಂದ ಸ್ವಿಚ್ಚಿಗೆ ಅದಿಲ್ಲದೆ ಜೀವ ಬರುವುದಿಲ್ಲ. ಎಲ್ಲ ವಾಪಸ್ ಕೊಟ್ಟು ಆ ತಂತಿ ಬೇಡದ ಬೇರೆ ಜಾತಿಯವನ್ನು ತಂದೆ. ಗ್ಯಾರೇಜಿನಲ್ಲಿ ಕೋಣೆಗಳ ಕರೆಂಟು ಕಡಿಯುವ ಬ್ರೇಕರ್ ಪೆಟ್ಟಿಗೆಯಲ್ಲಿ ಹಿಂದಿನ ಮಾಲೀಕರು ಪೆನ್ಸಿಲ್ಲಿನಿಂದ ಯಾವುದು ಯಾವ ಕೋಣೆಯದೆಂದು ಬರೆದಿದ್ದರು. ಅದನ್ನು ನೋಡಿ ಬ್ರೇಕರ್ ಆರಿಸಿ ಬಂದು ಸ್ಕ್ರೂಡ್ರೈವರ್ ಹಿಡಿದಾಗ ಕುರ್ಚಿಯಲ್ಲಿ ಕೂತಿದ್ದ ಅಕ್ಕ ತಡೆದಳು.

"ಟೆಸ್ಟರ್ ಇಟ್ಟು ನೋಡು. ಲೇಬಲ್ ನಂಬ್ಕೊಂಡು ಕೈ ಹಾಕ್ಬೇಡ."

ಇಟ್ಟು ನೋಡಿದೆ. ಟೆಸ್ಟರ್ ಕೆಂಪಗೆ ಉರಿಯಿತು. ಪೆನ್ಸಿಲ್ ಬರಹ ತಪ್ಪಾಗಿತ್ತು. ಅಕ್ಕ ಕಾಫಿ ಆರುತ್ತಿದೆ ಎಂದಳು ಅಷ್ಟೆ.

ಎರಡು ಕಡೆ ಸ್ವಿಚ್ ಇದ್ದ ಹಜಾರದ ಒಂದೇ ಲೈಟಿಗೆ ಎರಡು ಶನಿವಾರ ಹಿಡಿಯಿತು. ಕೊನೆಗೆ ಎಲ್ಲ ಸರಿಹೋಯಿತು. ಅಕ್ಕ ಸೋಫಾದಲ್ಲಿ ಕೂತು ಇಂಗ್ಲಿಷಿನಲ್ಲಿ ಹೇಳಿದರೆ ಲೈಟುಗಳು ಹತ್ತುತ್ತಿದ್ದವು, ಆರುತ್ತಿದ್ದವು. ಪ್ರತಿ ಸಲವೂ ಅವಳು ಯಂತ್ರಕ್ಕೆ ಥ್ಯಾಂಕ್ಯೂ ಹೇಳುತ್ತಿದ್ದಳು.

ಹತ್ತು ತಿಂಗಳಲ್ಲಿ ನಾಲಗೆ ದಪ್ಪವಾಯಿತು. ಅವಳು ಹೇಳಿದ್ದು ಸ್ಪೀಕರಿಗೆ ಅರ್ಥವಾಗುತ್ತಿರಲಿಲ್ಲ. ಅದು ಕ್ಷಮೆ ಕೇಳುತ್ತಿತ್ತು, ಅವಳು ಗಾಬರಿಯಾದ ಪೇಷಂಟಿಗೆ ಹೇಳುವಂತೆ ನಿಧಾನವಾಗಿ ಮತ್ತೆ ಹೇಳುತ್ತಿದ್ದಳು, ಅದು ಮತ್ತೆ ಕ್ಷಮೆ ಕೇಳುತ್ತಿತ್ತು. ನಾನು ಲೈಟುಗಳಿಗೆ ಗಿಡ್ಡ ಗಿಡ್ಡ ಹೆಸರುಗಳನ್ನಿಟ್ಟೆ. ಕೆಲವು ವಾರ ನಡೆಯಿತು. ಆಮೇಲೆ ಅದೂ ನಿಂತಿತು. ಒಂದು ದಿನ ಹೋದಾಗ ಸ್ಪೀಕರಿನ ಪ್ಲಗ್ ಕಿತ್ತಿತ್ತು. ಹಗಲು ನೋಡಿಕೊಳ್ಳಲು ಬರುತ್ತಿದ್ದ ಹೆಂಗಸಿಗೆ ಸನ್ನೆ ಮಾಡಿ ಅವಳೇ ತೆಗೆಸಿದ್ದಳು.

ಅಷ್ಟು ಹೊತ್ತಿಗೆ ಶಕ್ತಿ ಉಳಿದಿದ್ದುದು ಬಲಪಾದದಲ್ಲಿ ಮಾತ್ರ. ಅಂಗೈಯಗಲದ ವೈರ್‌ಲೆಸ್ ಬಟನ್ ಒಂದನ್ನು ತಂದು ಗಾಲಿಕುರ್ಚಿಯ ಪಾದದ ಹಲಗೆಗೆ ಬಿಗಿದೆ. ಒತ್ತಿದರೆ ಹಾಲಿನ ಲೈಟು ಹತ್ತುವುದು, ಮತ್ತೆ ಒತ್ತಿದರೆ ಆರುವುದು. ಪ್ರತಿ ಸಲವೂ ನನ್ನ ಫೋನಿಗೊಂದು ಸಂದೇಶ ಬರುವುದು. ಅದೇ ಬಟನ್ನಿಗೆ ಕರೆಗಂಟೆಯನ್ನೂ ಜೋಡಿಸಬೇಕೆಂದಿತ್ತು. ಆಫೀಸಿನಲ್ಲಿ ಹೊಸ ಸಾಫ್ಟ್‌ವೇರಿನ ರಿಲೀಸ್ ಇದ್ದದ್ದರಿಂದ ಮುಂದಿನ ಶನಿವಾರ ಎಂದುಕೊಂಡೆ. ಆ ಶನಿವಾರ ಹೋಗಲಾಗಲಿಲ್ಲ. ಅದರ ಮುಂದಿನದೂ.

ಒಂದು ಬುಧವಾರ ಮಧ್ಯಾಹ್ನ ಮೀಟಿಂಗಿನಲ್ಲಿದ್ದಾಗ ಫೋನ್ ಅದುರಿತು. ಅಕ್ಕನ ಮನೆಯ ಹಾಲ್ ಲೈಟು ಆನ್. ಆಫ್. ಆನ್. ಆಫ್. ಹಿಂದಿನ ವಾರ ಬ್ಯಾಟರಿ ಸಡಿಲವಾಗಿ ಬಟನ್ ಹೀಗೇ ಹುಚ್ಚುಹುಚ್ಚಾಗಿ ಸಂದೇಶ ಕಳಿಸಿತ್ತು. ಮತ್ತೆ ಅದೇ ತೊಂದರೆ ಎಂದುಕೊಂಡೆ. ಹೀಗೆ ಹತ್ತಿ ಆರುತ್ತಿದ್ದರೆ ಅಕ್ಕನ ಕಣ್ಣಿಗೆ ಹಿಂಸೆಯಾದೀತು ಅಂತಲೂ ಅನಿಸಿತು. ಆ್ಯಪ್ ತೆರೆದು ಬಟನ್ನನ್ನು ಆಫ್ ಮಾಡಿದೆ. ಫೋನನ್ನು ಮೇಜಿನ ಮೇಲೆ ಮಗುಚಿಟ್ಟೆ.

ನೋಡಿಕೊಳ್ಳುವ ಹೆಂಗಸು ಔಷಧಿ ತರಲು ಹೋಗಿದ್ದಳು. ಅಂಗಡಿಯಲ್ಲಿ ಸಾಲು ಉದ್ದವಿತ್ತು. ವಾಪಸ್ ಬಂದಾಗ ಅಕ್ಕ ಕುರ್ಚಿಯಲ್ಲಿ ಕೆಳಕ್ಕೆ ಜಾರಿದ್ದಳು. ಬೆಲ್ಟು ಎದೆಯ ಮೇಲೆ ಬಿಗಿದಿತ್ತು, ಜೊಲ್ಲು ಗಂಟಲಿಗೆ ಇಳಿದಿತ್ತು, ಮುಖ ನೀಲಿಯಾಗಿತ್ತು. ಆಂಬುಲೆನ್ಸ್ ಬಂತು. ಸಂಜೆ ನಾನು ಆಸ್ಪತ್ರೆ ತಲುಪಿದಾಗ ಆ ಹೆಂಗಸು ಅಳುತ್ತ ಎಲ್ಲವನ್ನೂ ಹೇಳಿದಳು. ತಾನು ಒಳಗೆ ಬಂದಾಗಲೂ ಅಕ್ಕನ ಪಾದ ಬಟನ್ನನ್ನು ಒತ್ತುತ್ತಲೇ ಇತ್ತು, ಲೈಟು ಮಾತ್ರ ಹತ್ತುತ್ತಿರಲಿಲ್ಲ ಎಂದಳು. ಹೊರಗೆ ಹೋದದ್ದು ತನ್ನದೇ ತಪ್ಪು ಎಂದೂ ಹೇಳಿದಳು. ಬಟನ್ ಆಫ್ ಮಾಡಿದ್ದು ನಾನೆಂದು ಅವಳಿಗೆ ಹೇಳಲಿಲ್ಲ.

ಅಕ್ಕ ಉಳಿದಳು. ಶ್ವಾಸಕೋಶಕ್ಕೆ ಸೋಂಕಾಗಿತ್ತು, ಹೊಟ್ಟೆಗೆ ಟ್ಯೂಬ್ ಹಾಕಿದರು. ಮಾತಿಗೆ ಅಕ್ಷರದ ಹಲಗೆಯಿತ್ತು. ನಾನು ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಹೋಗುವುದು, ಬೇಕಾದದ್ದು ಬಂದಾಗ ಅವಳು ಕಣ್ಣು ಮಿಟುಕಿಸುವುದು. ಪ್ರಜ್ಞೆ ತಿಳಿಯಾದ ದಿನ ಅವಳು ಕೂಡಿಸಿದ ಮೊದಲ ಮಾತು "ನೋಡಿದ್ಯಾ".

"ನೋಡ್ದೆ ಅಕ್ಕ" ಎಂದೆ. "ಕೆಟ್ಟಿದೆ ಅಂದ್ಕೊಂಡು ಆಫ್ ಮಾಡ್ಬಿಟ್ಟೆ."

ಅವಳು ಕಣ್ಣು ಮುಚ್ಚಿದಳು. ಆ ದಿನ ಹಲಗೆ ಹಿಡಿದರೂ ತೆರೆಯಲಿಲ್ಲ. ಮರುದಿನ ಕೂಡಿಸಿದ್ದು ಎರಡೇ ಪದ, "ಬೆಲ್ ಹಾಕು".

ಹಾಕಿದೆ. ಇಡೀ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಎರಡು ಶನಿವಾರ ಮುಂದೂಡಿದ್ದು ಅಷ್ಟೇ ಹೊತ್ತಿನ ಕೆಲಸವನ್ನು. ಮನೆಗೆ ಬಂದ ಮೇಲೆ ಅವಳು ಒತ್ತಿದರೆ ಮನೆಯೊಳಗೂ ಗಂಟೆ, ನನ್ನ ಫೋನಿಗೂ ಗಂಟೆ. ಯಾವ ಮೀಟಿಂಗಿನಲ್ಲಿದ್ದರೂ ಎದ್ದು ಹೊರಗೆ ಬಂದು ಆ ಹೆಂಗಸಿಗೆ ಫೋನ್ ಮಾಡುತ್ತಿದ್ದೆ. ಎಷ್ಟೋ ಸಲ ಏನೂ ಬೇಕಾಗಿರುತ್ತಿರಲಿಲ್ಲ. ನನ್ನನ್ನು ಪರೀಕ್ಷಿಸುತ್ತಿದ್ದಳೋ, ಬರೀ ಹೆದರಿಕೆಯೋ, ನಾನು ಕೇಳಲಿಲ್ಲ. ಮೂರು ತಿಂಗಳು ಹಾಗೆ ನಡೆಯಿತು. ಆಮೇಲೆ ಪಾದವೂ ಸೋತಿತು. ಒಂದು ಬೆಳಿಗ್ಗೆ, ಮಗಳು ಪಕ್ಕದಲ್ಲಿ ಕೂತಿದ್ದಾಗ, ಉಸಿರು ನಿಂತಿತು.

ಮನೆ ಖಾಲಿ ಮಾಡುವಾಗ ಮಗಳು ಸ್ವಿಚ್ಚುಗಳಿಗಾಗಿ ನಾನು ಗೋಡೆಗೆ ಹಾಕಿದ್ದ ಟ್ಯಾಬ್ಲೆಟ್ಟಿನಲ್ಲಿ ಲೈಟುಗಳ ಹಳೆಯ ದಾಖಲೆ ನೋಡುತ್ತ ನಿಂತಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆ ಬುಧವಾರ ಇಷ್ಟೊಂದು ಸಲ ಆನ್ ಆಫ್ ಯಾಕೆ, ಕೊನೆಗೆ ನಿಂತದ್ದು ಯಾಕೆ ಎಂದು ಕೇಳಿದಳು. ಬ್ಯಾಟರಿ ಎಂದು ಹೇಳಿಬಿಡಬಹುದಿತ್ತು. ನಡೆದದ್ದನ್ನು ಹೇಳಿದೆ.

"ಯೂ ಟರ್ನ್ಡ್ ಇಟ್ ಆಫ್" ಎಂದಳು. ಪ್ರಶ್ನೆಯಾಗಿರಲಿಲ್ಲ. ಟೇಪ್ ಎತ್ತಿಕೊಂಡು ಪುಸ್ತಕದ ಡಬ್ಬಿ ಮುಚ್ಚಲು ಕೂತಳು. ಸಂಜೆಯವರೆಗೆ ಇಬ್ಬರೂ ಡಬ್ಬಿ ಹೊತ್ತೆವು. ಏರ್‌ಪೋರ್ಟಿಗೆ ನಾನು ಬಿಡುತ್ತೇನೆಂದರೆ ಬೇಡವೆಂದು ಟ್ಯಾಕ್ಸಿ ಕರೆಸಿದಳು.

ಒಂದು ವರ್ಷ ನನ್ನ ಫೋನ್ ಎತ್ತಲಿಲ್ಲ. ಈಗ ಎತ್ತುತ್ತಾಳೆ. ಕೆಲಸದ ಮಾತು, ಅಲ್ಲಿನ ಹಿಮದ ಮಾತು ಆಡುತ್ತೇವೆ. ಅಕ್ಕನ ಹೆಸರು ಇಬ್ಬರೂ ಎತ್ತುವುದಿಲ್ಲ.