ಎಡಗೈ ಆಕ್ಸಿಲರೇಟರಿನ ಬೈಕು

ಬೆಳಗು ಇನ್ನೂ ಸರಿಯಾಗಿ ಹರಿದಿಲ್ಲ. ಗುಜರಿ ಅಂಗಳದಲ್ಲಿ ಎಲ್ಲರ ಬಾಯಲ್ಲೂ 'ಅಕ್ಕ' ಆಗಿರುವ ಈ ಹೆಂಗಸು ಆಗಲೇ ಹಳೇ ಸ್ಕೂಟರೊಂದರ ಹೊಟ್ಟೆ ಬಗೆಯುತ್ತಿದ್ದಾರೆ. ತುಕ್ಕು ಹಿಡಿದ ನಟ್ಟು ಜಪ್ಪಯ್ಯ ಅಂದರೂ ಜಗ್ಗುತ್ತಿಲ್ಲ. "ಬಾರೋ ರಾಜ, ಹಟ ಮಾಡ್ಬೇಡ" ಎಂದು ರಮಿಸುತ್ತಾ ತೊಟ್ಟು ಎಣ್ಣೆ ಬಿಟ್ಟು ಕಾಯುತ್ತಾರೆ. ನಟ್ಟು ಸಡಿಲವಾಗುತ್ತದೆ.

ಗಂಡ ತೀರಿಕೊಂಡ ಮೇಲೆ ಅವರ ಸ್ಪ್ಯಾನರ್ ಪೆಟ್ಟಿಗೆ ಹೊತ್ತು ಇಲ್ಲಿಗೆ ಬಂದವರು ಅಕ್ಕ. ದಿನಕ್ಕೆ ನಾಲ್ಕು ಗಾಡಿ ಬಿಚ್ಚುತ್ತಾರೆ. ಬೆರಳು ಮರಗಟ್ಟಿವೆ, ಸೊಂಟ ಮಾತು ಕೇಳುವುದಿಲ್ಲ.

ಕಳೆದ ತಿಂಗಳು ಒಂದು ಬೈಕು ಬರುತ್ತದೆ. ಯಾವ ಕಂಪನಿಯದೆಂದು ಯಾರಿಗೂ ತಿಳಿಯದು. ಕತ್ತರಿಸಿ ಅಲ್ಯೂಮಿನಿಯಂ ಬೇರೆ ಮಾಡು ಎನ್ನುತ್ತಾರೆ ಯಜಮಾನರು. ಅಕ್ಕ ಟ್ಯಾಂಕಿನ ಮೇಲೆ ಕೈಯಾಡಿಸುತ್ತಾರೆ. ವಿಮಾನದ ರೆಕ್ಕೆಯ ತಗಡು, ಅದನ್ನು ಬೆಸೆದ ಸಾಲುಸಾಲು ರಿವೆಟ್ಟು ಮೊಳೆ. ಚಕ್ರಗಳೂ ಸಣ್ಣ ವಿಮಾನದವೇ. ಆಕ್ಸಿಲರೇಟರ್ ಮಾತ್ರ ಎಡಗೈ ಕಡೆ!

"ಇದು ಕಾರ್ಖಾನೆಯದ್ದಲ್ಲ ಯಜಮಾನ್ರೇ. ಬಲಗೈ ನೆಟ್ಟಗಿಲ್ದೋರು ಯಾರೋ ತಮಗೇ ಅಂತ ಮಾಡ್ಕೊಂಡಿದ್ದು. ಹೇಗ್ ಕತ್ತರಿಸ್ಲಿ? ಅವರನ್ನ ಹುಡುಕ್ತೀನಿ."

"ಭಾನುವಾರದವರೆಗೆ ಟೈಮು" ಎನ್ನುತ್ತಾರೆ ಅವರು.

ಕೆಲಸ ಮುಗಿಸಿ ಅಕ್ಕ ದಿನವೂ ಮುಚ್ಚಿಹೋದ ವಿಮಾನ ನಿಲ್ದಾಣದ ಹಿಂದಿನ ಗಲ್ಲಿಗಳನ್ನು ಸುತ್ತುತ್ತಾರೆ. "ಬಲಗೈಗೆ ಏಟಾಗಿದ್ದ ಮೆಕ್ಯಾನಿಕ್ ಅಣ್ಣ ಯಾರಾದ್ರೂ ಇದ್ರಾ?" ಎಲ್ಲರೂ ಇಲ್ಲವೆಂದು ತಲೆಯಾಡಿಸುತ್ತಾರೆ. ಕೊನೆಗೆ ಒಬ್ಬ ದರ್ಜಿ ನಕ್ಕುಬಿಡುತ್ತಾನೆ: "ಅಣ್ಣ ಅಲ್ಲಕ್ಕಾ, ನೀವು ಹುಡುಕ್ತಿರೋದು ನಮ್ ದೊಡ್ಡಮ್ಮನ್ನ!"

"ನಾನೇ ಸ್ಪ್ಯಾನರ್ ಹಿಡಿಯೋ ಹೆಂಗಸು. ಆದ್ರೂ ಗಂಡಸನ್ನೇ ಹುಡುಕ್ತಿದ್ನಲ್ಲ, ನನ್ ತಲೆಗಿಷ್ಟು!" ಎಂದು ಅಕ್ಕ ಈಗಲೂ ನಗುತ್ತಾರೆ.

ದೊಡ್ಡಮ್ಮ ವಿಮಾನಗಳಿಗೆ ರಿವೆಟ್ ಹೊಡೆಯುತ್ತಿದ್ದವರು. ಯಂತ್ರ ಬಲಗೈಯ ಮೂರು ಬೆರಳು ನುಂಗಿತು, ಕೆಲಸವೂ ಹೋಯಿತು. ಬಿಸಾಡಿದ ಭಾಗಗಳನ್ನೇ ಹೆಕ್ಕಿ ಬೈಕು ಕಟ್ಟಿದರು. ಈಚೆಗೆ ಅವರು ಆಸ್ಪತ್ರೆಯಲ್ಲಿದ್ದಾಗ ಬೈಕು ನಿಲ್ಲಿಸಿದ್ದ ಶೆಡ್ಡಿನ ಮಾಲೀಕ ಅದನ್ನು ಗುಜರಿಗೆ ಹಾಕಿದ್ದ.

"ಅಲ್ಲಾ ದೊಡ್ಡಮ್ಮ, ಬೈಕಿಗೆ ಎತ್ತರ ತೋರ್ಸೋ ಮೀಟರ್ ಯಾಕೆ?" ಎಂದು ಅಕ್ಕ ಕೇಳುತ್ತಾರೆ.

"ಹಾರಿದ್ರೆ ಗೊತ್ತಾಗ್ಲಿ ಅಂತ!"

ಭಾನುವಾರ ಹೊಸ ಪ್ಲಗ್ಗು, ತಾಜಾ ಪೆಟ್ರೋಲು. ದೊಡ್ಡಮ್ಮ ಸೀಟೇರುತ್ತಾರೆ, ಅಕ್ಕ ಕಿಕ್ ಹೊಡೆಯುತ್ತಾರೆ. ಒಮ್ಮೆ ಕೆಮ್ಮಿದ ಎಂಜಿನ್ ಮರುಕ್ಷಣ ಅಂಗಳವೇ ಅದುರುವಂತೆ ಗರ್ಜಿಸುತ್ತದೆ. ಕೆಲಸಗಾರರು ಟೋಪಿ ತೂರುತ್ತಾರೆ. ಗಾಡಿ ರಾಶಿರಾಶಿ ಕಬ್ಬಿಣವನ್ನು ಸುತ್ತಿ, ಗೇಟು ದಾಟಿ ರಸ್ತೆಗಿಳಿಯುತ್ತದೆ. ಯಜಮಾನರೇ ಓಡಿಹೋಗಿ ಗೇಟು ತೆರೆದದ್ದು.

ಈಗ ಅಕ್ಕನಿಗೊಂದು ಆಸೆ ಹತ್ತಿದೆ. "ರಿವೆಟ್ ಹೊಡೆಯೋದು ಕಲಿಸ್ತೀನಿ ಅಂದಿದ್ದಾರೆ ದೊಡ್ಡಮ್ಮ. ಇಷ್ಟು ವರ್ಷ ಬರೀ ಬಿಚ್ಚಿದ್ದೇ ಆಯ್ತು. ಒಂದಾದ್ರೂ ನಾನು ಕಟ್ಬೇಕು."