ಮಾವಿನ ಹಣ್ಣಿಗೊಂದು ತಗಡಿನ ಶೆಡ್

ಇವತ್ತು ನಮ್ಮ ಮದುವೆ ಫೋಟೋಗೆ ಮೊಳೆ ಹೊಡೆಯುವ ಮುನ್ನ ಗೋಡೆಗೆ ಗುರುತು ಹಾಕಲೆಂದು ಇವರು ಪೆನ್ಸಿಲ್ ಕೆತ್ತಿದರು. ಆ ಹಸಿ ಕಟ್ಟಿಗೆಯ ವಾಸನೆಗೆ ನಾನು ಸೀದಾ ಆಳಂದದ ನಮ್ಮ ಇಂಗ್ಲಿಷ್ ಮೀಡಿಯಂ ಶಾಲೆಯ ಡ್ರಾಯಿಂಗ್ ಕ್ಲಾಸಿಗೆ ಹೋಗಿಬಿಟ್ಟೆ!

ಮೈಸೂರು ಕಡೆಯಿಂದ ಬಂದಿದ್ದ ಹೊಸ ಮೇಡಂ ಮಾವಿನ ಹಣ್ಣು ಬರೆಸಿ, "ಮನೇಲಿ ಇದಕ್ಕೆ ಶೇಡ್ ಹಾಕ್ಕೊಂಡು ಬನ್ನಿ, ಚೆನ್ನಾಗಿರೋದನ್ನ ಗೋಡೆಗೆ ಅಂಟಿಸ್ತೀನಿ" ಎಂದರು. ನನ್ನ ಚಿತ್ರ ಗೋಡೆ ಏರಲೇಬೇಕೆಂದು ನನಗೆ ಹುಚ್ಚು ಆಸೆ. ಆದರೆ ನನಗೆ ಕೇಳಿಸಿದ್ದು ಶೆಡ್. ಹಣ್ಣಿಗೆ ಶೆಡ್ ಯಾಕೆ? ಮನೆಯಲ್ಲಿ ಕೇಳಿದರೆ, ನಮ್ಮಪ್ಪ ಅಬ್ಬಾಗೂ ಸಂಶಯ ಬಂತು.

"ನಿಮ್ಮ ಮೇಡಂದು ತಗಡಿನ ದುಕಾನ್ ಅದ ಏನ್ ಬೇ?" ಎನ್ನುತ್ತಲೇ ಸ್ಕೇಲ್ ಹಿಡಿದುಕೊಟ್ಟರು. ಹಣ್ಣಿನ ಸುತ್ತ ಕಂಬ ನಿಂತವು, ಮೇಲೆ ತಗಡೂ ಬಂತು.

ಮರುದಿನ ಅದನ್ನು ನೋಡಿ ಕ್ಲಾಸೆಲ್ಲ ನಕ್ಕಿತು. ಮೇಡಂ ನಗದೆ, ಕಿಟಕಿಯಲ್ಲಿ ಒಂದು ಹಣ್ಣಿಟ್ಟು ತೋರಿಸಿದರು. ಅದರ ಒಂದು ಬದಿ ಕಪ್ಪಗಿತ್ತು. ಕೊಳೆತಿರಬೇಕೆಂಬ ಗುಮಾನಿಯಿಂದ ತಿರುಗಿಸಿ ನೋಡಿದೆ. ಹಣ್ಣು ತಿರುಗಿತು, ಕಪ್ಪು ತಿರುಗಲಿಲ್ಲ! ಬೆಳಕಿಲ್ಲದ ಕಡೆಯೇ ಕೂತಿತ್ತು. ಶೇಡ್ ಅಂದರೆ ಈ ನೆರಳು!

"ಈಗ ಹಣ್ಣಿಗೂ ಶೇಡ್ ಹಾಕು, ನಿನ್ನ ಶೆಡ್ಡಿಗೂ ಹಾಕು" ಎಂದರು ಮೇಡಂ.

ಹಾಕಿದೆ. ಚಿತ್ರ ಗೋಡೆ ಏರಿತು! ಅಂದಿನಿಂದ ಯಾವ ಚಿತ್ರ ಕಂಡರೂ, ಬೆಳಕು ಎಲ್ಲಿಂದ ಬಂತೆಂದು ಮೊದಲು ವಿಚಾರಣೆ ಮಾಡಿಯೇ ನಾನು ಮಾತಾಡುವುದು.

ಈಗ ಕಿಟಕಿಯ ಪಕ್ಕ ನಿಂತಿದ್ದ ಇವರ ಗಲ್ಲ ಹಿಡಿದು ಆ ಕಡೆ, ಈ ಕಡೆ ತಿರುಗಿಸಿದೆ.

"ಯಾಕ ಬೇ, ನನ್ನ ಮ್ಯಾಲೂ ಡೌಟ್ ಬಂತೇನ?"